ಎಡಗೆನ್ನೆಯ ಮೇಲೆ ಮೂರು ಸಲ

“ಅಮ್ಮಾ, ಇವತ್ತು ಅಳಿಲು ಸತ್ತೋಯ್ತು.”

ನಾಲ್ಕು ವರ್ಷದ ಮಗಳು ಬಾಗಿಲ ಬಳಿ ಕೂತು ಚಪ್ಪಲಿಯ ಪಟ್ಟಿ ಬಿಚ್ಚುತ್ತಾ ಹಾಗಂದು ನಾಲ್ಕು ತಿಂಗಳಾಗಿತ್ತು. ಅವಳಿಗೆ ಅದು ಮರೆತೂ ಹೋಗಿತ್ತೇನೋ. ನನ್ನ ತಲೆಯಿಂದ ಮಾತ್ರ ಇಳಿಯಲೇ ಇಲ್ಲ. ಪಾತ್ರೆ ತೊಳೆಯುವಾಗ, ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ, ಅವಳ ತಲೆ ಬಾಚುವಾಗ, ಎಲ್ಲಿಂದಲೋ ಬಂದು ಕಿವಿಯಲ್ಲಿ ಕೂರುತ್ತಿತ್ತು.

ಅಳಿಲು ಎಂದರೆ ಮರದ ಮೇಲೆ ಓಡುವ ಅಳಿಲಲ್ಲ. ನಮ್ಮ ದೊಡ್ಡಮ್ಮನ ಮೇಕಪ್ ಬ್ರಶ್ಶು. ಅಳಿಲಿನ ಬಾಲದ ಕೂದಲಿನಿಂದ ಕಟ್ಟಿದ್ದು, ಕೆನ್ನೆಗೆ ರಂಗು ಹಚ್ಚುವಂಥದ್ದು. ಅದು ‘ಸತ್ತಿತು’ ಎಂದು ಮಗುವಿಗೆ ಹೇಳಿಕೊಟ್ಟವರೂ ದೊಡ್ಡಮ್ಮನೇ. ಅದರ ಬೆನ್ನಿಗೇ ವಾರಕ್ಕೆ ಮೂರು, ನಾಲ್ಕು ಎಂದು ಬ್ರಶ್ಶುಗಳು ಸಾಯತೊಡಗಿದವು. ಅರವತ್ತನಾಲ್ಕರಲ್ಲಿ ಉಳಿದದ್ದು ಒಂಬತ್ತು. “ಕೊನೇದು ಹೋದ ದಿನ ನಂದೂ ಮುಗೀತು ಕಣೇ,” ಎಂದು ದೊಡ್ಡಮ್ಮ ಕಾಫಿ ಲೋಟ ಕೆಳಗಿಡುತ್ತಾ ಹೇಳಿದ್ದರು. ನಗುತ್ತಲೇ ಹೇಳಿದ್ದರು. ಆದರೆ ಆ ಹೊತ್ತಿಗೆ ಅವರ ಬಾಯಿಯ ಎಡ ತುದಿಯಿಂದ ಒಂದೆಳೆ ಕಾಫಿ ಗಲ್ಲದವರೆಗೆ ಇಳಿದಿತ್ತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ.

ನಾನು ಹೆದರುವವಳು, ನಿಜ. ನನ್ನ ಕೆಲಸವೇ ಹಾಗಿದೆ. ಔಷಧದ ಡಬ್ಬಿಯೊಳಗೆ ಮಡಚಿಟ್ಟ ಚೀಟಿ ಇರುತ್ತದಲ್ಲ, ಅದರ ಅಚ್ಚಿನ ತಪ್ಪು ತಿದ್ದುವವಳು ನಾನು. ಬೆಳಗಿನಿಂದ ಮಧ್ಯಾಹ್ನದವರೆಗೆ ತಲೆಸುತ್ತು, ವಾಂತಿ, ತುರಿಕೆ, ಜೋಮು, ಅಪರೂಪಕ್ಕೆ ಸಾವು ಎಂದೆಲ್ಲ ಓದಿ, ಅಲ್ಪವಿರಾಮ ಸರಿಪಡಿಸಿ ಮನೆಗೆ ಬರುತ್ತೇನೆ. ಮಗಳು ಒಂದು ಸಲ ಸೀನಿದರೆ ಸಾಕು, ಚೀಟಿಯೆಲ್ಲ ಕಣ್ಣ ಮುಂದೆ ಬಿಚ್ಚಿಕೊಳ್ಳುತ್ತದೆ. “ಇವತ್ತು ಯಾವ ಚೀಟಿ ಓದಿದೆ?” ಎಂದು ನನ್ನವರು ದಿನವೂ ರೇಗಿಸುತ್ತಾರೆ. ದೊಡ್ಡಮ್ಮ ಇಟ್ಟ ಹೆಸರು ‘ಪುಕ್ಕಲಿ’.

ದೊಡ್ಡಮ್ಮ ನನ್ನ ಅಮ್ಮನ ಅಕ್ಕ. ವಯಸ್ಸು ಅರವತ್ತೆರಡು. ನಮ್ಮ ಮನೆಯಿಂದ ಎರಡು ಬೀದಿ ಆಚೆ, ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಮದುವೆ ಯಾಕಾಗಲಿಲ್ಲ ಎಂದು ಕೇಳಿದರೆ, “ದಿನಾ ಹತ್ತು ಮುಖ ಉಜ್ಜಿ ಬರ್ತಿದ್ದೆ, ಮನೇಲೂ ಒಂದು ಕಾಯ್ತಿದ್ರೆ ಹುಚ್ಚು ಹಿಡೀತಿತ್ತು,” ಎನ್ನುತ್ತಿದ್ದರು. ನಾನು ಕೆಲಸಕ್ಕೆ ಹೋದಾಗ ಮಗಳು ಅವರ ಬಳಿಯೇ ಇರುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಅವರನ್ನು ಬಿಟ್ಟರೆ ನನಗೆ ಇನ್ನೊಬ್ಬರು ಇರಲಿಲ್ಲ. ಹೀಗಾಗಿ ಅವರಿಗೆ ಏನೋ ಆಗುತ್ತಿದೆ ಎಂಬ ಯೋಚನೆ ಬಂದಾಗಲೆಲ್ಲ ಅದನ್ನು ತಳ್ಳಿಹಾಕುವುದರಲ್ಲಿ ನನ್ನ ಸ್ವಾರ್ಥವೂ ಇತ್ತು.

ಹದಿನೇಳನೇ ವಯಸ್ಸಿಗೆ ಅವರು ಒಂದು ಫೋಟೋ ಸ್ಟುಡಿಯೋಗೆ ಸೇರಿದ್ದರಂತೆ. ಫೋಟೋ ತೆಗೆಸಿಕೊಳ್ಳಲು ಬಂದವರ ಮೂಗು, ಹಣೆಗಳ ಎಣ್ಣೆಹೊಳಪಿಗೆ ಪೌಡರು ಒತ್ತುವುದೇ ಕೆಲಸ. ಅಲ್ಲಿದ್ದದ್ದು ಒಂದೇ ಬ್ರಶ್ಶು, ಬಂದವರಿಗೆಲ್ಲ ಅದೇ. ಒಂದು ದಿನ ಪುಟ್ಟ ಹುಡುಗಿಯೊಬ್ಬಳ ಕೆನ್ನೆಯ ಮೇಲೆ ಆ ಬ್ರಶ್ಶು ಕೆಂಪು ಗೀರುಗಳನ್ನು ಎಬ್ಬಿಸಿತು. ಹುಡುಗಿ ಅಳಲಿಲ್ಲ, ಸುಮ್ಮನೆ ಇವರನ್ನೇ ನೋಡುತ್ತಾ ಕೂತಿದ್ದಳಂತೆ. ಆ ನೋಟ ತಡೆಯಲಾರದೆ ದೊಡ್ಡಮ್ಮ ಮಾರನೆಯ ದಿನವೇ ಪೇಟೆ ಸುತ್ತಿ, ಮೇಕೆ ಕೂದಲಿನ ಒಂದು ಬ್ರಶ್ಶು ತಂದರು. ಅದೂ ಅಂಥ ನುಣುಪೇನಲ್ಲ, ಆದರೆ ಗೀರುತ್ತಿರಲಿಲ್ಲ. ಅದೇ ಅವರ ಮೊದಲ ಬ್ರಶ್ಶು. ಹಿಡಿಯ ಬಣ್ಣ ಸವೆದು ಮರ ಕಾಣುವಷ್ಟು ಹಳೆಯದಾದ ಮೇಲೆ ಅದಕ್ಕೆ ‘ಮುದುಕ’ ಎಂದು ಹೆಸರಾಯಿತು.

ಆಮೇಲೆ ಇಪ್ಪತ್ತಾರು ವರ್ಷ ಒಂದು ಟೀವಿ ಸ್ಟುಡಿಯೋದ ಮೇಕಪ್ ಕೋಣೆ. ವಾರ್ತೆ ಓದುವವರು, ಹವಾಮಾನ ಹೇಳುವವರು, ಮಾತಾಡಲು ಬಂದು ಬೆವರುವ ಅತಿಥಿಗಳು. ಕಿಟಕಿಯಿಲ್ಲದ ಕೋಣೆ, ಕನ್ನಡಿಯ ಸುತ್ತ ಬಲ್ಬು. ಅಲ್ಲೇ ಅವರಿಗೆ ಬ್ರಶ್ಶಿನ ಗೀಳು ಹತ್ತಿದ್ದು. ಕ್ರೀಮಿಗೆ ನೈಲಾನು, ಪೌಡರಿಗೆ ಮೇಕೆ, ಕಣ್ಣರೆಪ್ಪೆಗೆ ಕುದುರೆ, ಕೆನ್ನೆಗೆ ಅಳಿಲು. ಯಾರದ್ದಾದರೂ ಮುಖಕ್ಕೆ ಒಂದು ಬ್ರಶ್ಶು ಒಗ್ಗಿತೆಂದರೆ ಅದು ಅವರಿಗೇ ಮೀಸಲು. ‘ವಾರ್ತೆಯಮ್ಮ’, ‘ಮಳೆರಾಯ’, ‘ಬೆವರಪ್ಪ’ ಎಂದೆಲ್ಲ ಬ್ರಶ್ಶುಗಳಿಗೆ ಹೆಸರು. ಆ ಮುಖಗಳು ಕೆಲಸ ಬಿಟ್ಟು ಹೋದರೂ ಬ್ರಶ್ಶುಗಳು ದೊಡ್ಡಮ್ಮನ ಬಳಿ ಉಳಿದವು.

ನಿವೃತ್ತಿಯ ಮೇಲೆ ಅವರು ಮಾಡುತ್ತಿದ್ದ ಕೆಲಸಕ್ಕೆ ಸರಿಯಾದ ಹೆಸರಿಲ್ಲ. ಸಲೂನುಗಳವರು ಹೊಸ ಬ್ರಶ್ಶು ಕೊಳ್ಳುವ ಮೊದಲು ಅವರ ಬಳಿ ತಂದು ತೋರಿಸುತ್ತಿದ್ದರು. ಅವರು ಹೂಂ ಎಂದರೆ ಹೂಂ, ಊಹೂಂ ಎಂದರೆ ವಾಪಸ್ಸು. ಊರಿನ ಸಲೂನಿನವರ ಬಾಯಲ್ಲಿ ಅವರು ‘ಬ್ರಶ್ಶಮ್ಮ’.

ಅವರು ಬ್ರಶ್ಶು ನೋಡುವುದನ್ನು ನೋಡಲು ನನಗೆ ಚಿಕ್ಕಂದಿನಿಂದಲೂ ಇಷ್ಟ. ಮೊದಲು ಹಿಡಿಯನ್ನು ಬೆರಳ ಮೇಲೆ ಅಡ್ಡ ಇಟ್ಟು ತೂಕ ಎತ್ತ ವಾಲುತ್ತದೆ ಎಂದು ನೋಡುವರು. ಕತ್ತಿನ ಲೋಹದ ಪಟ್ಟಿ ಅಲ್ಲಾಡುತ್ತದೆಯೇ ಎಂದು ತಿರುಚುವರು. ಬಿಳಿ ಕಾಗದದ ಮೇಲೆ ಒತ್ತಿ ಉಜ್ಜಿ, ಬಣ್ಣ ಬಿಡುತ್ತದೆಯೇ, ಕೂದಲು ಉದುರುತ್ತದೆಯೇ ನೋಡುವರು. ಕೂದಲ ತುದಿಗಳನ್ನು ಬೆಳಕಿಗೆ ಹಿಡಿಯುವರು. “ಒಳ್ಳೇ ಬ್ರಶ್ಶಿಗೆ ಕತ್ತರಿ ತಾಗಿರಬಾರದು. ಹುಟ್ಟಿದ ತುದಿ ಹಾಗೇ ಇರಬೇಕು. ಕತ್ತರಿಸಿದ್ದು ಚುಚ್ಚುತ್ತೆ,” ಎನ್ನುವರು. ಇಷ್ಟೆಲ್ಲ ಆದ ಮೇಲೆ ಕಣ್ಣು ಮುಚ್ಚಿ, ಮುಖ ಕೊಂಚ ಬಲಕ್ಕೆ ತಿರುಗಿಸಿ, ಎಡಗೆನ್ನೆಯ ಮೂಳೆಯ ಕೆಳಗೆ ಬ್ರಶ್ಶನ್ನು ಮೂರು ಸಲ ಎಳೆಯುವರು. ಒಂದು ಸಲ ಮುಟ್ಟುವುದಕ್ಕೆ, ಒಂದು ಸಲ ಬಾಗಿ ಏಳುವುದಕ್ಕೆ, ಒಂದು ಸಲ ಬಿಟ್ಟುಹೋಗುವುದಕ್ಕೆ. ಕೊನೆಯ ಮಾತು ಆ ಕೆನ್ನೆಯದು.

ಯಾವಾಗಲೂ ಎಡಗೆನ್ನೆಯೇ. ಬಲಗೆನ್ನೆಯ ಮೇಲೆ ಚಿಕ್ಕಂದಿನಲ್ಲಿ ಕುದಿಯುವ ನೀರು ಬಿದ್ದು, ಚರ್ಮ ದಪ್ಪಗಟ್ಟಿತ್ತು. “ಈ ಕಡೆ ಗೋಡೆ, ಆ ಕಡೆ ಕಿಟಕಿ,” ಎಂದು ನಗುತ್ತಿದ್ದರು. ನಲವತ್ತೈದು ವರ್ಷ ಆ ಕಿಟಕಿಯೊಂದನ್ನೇ ನಂಬಿದ ಹೆಂಗಸು.

ತೊಳೆಯುವ ದಿನ ಅವರ ಮನೆ ಬೇರೆಯೇ ಆಗಿಬಿಡುತ್ತಿತ್ತು. ಬಿಸಿ ನೀರು ಕೂಡದು, ಅಳಿಲಿನ ಕೂದಲು ಸುಕ್ಕಾಗುತ್ತದೆ. ಉಗುರುಬೆಚ್ಚಗಿನ ನೀರು, ಮಕ್ಕಳ ಶಾಂಪೂ, ಅಂಗೈಯೇ ಬಟ್ಟಲು. ಕೂದಲ ತುದಿಯಷ್ಟೇ ನೆನೆಯಬೇಕು, ಲೋಹದ ಕತ್ತಿನೊಳಗೆ ನೀರು ಹೋದರೆ ಅಂಟು ಬಿಡುತ್ತದೆ. ತೊಳೆದು, ಬಟ್ಟೆಯಲ್ಲಿ ಒತ್ತಿ, ಬೆರಳಿನಿಂದ ಆಕಾರ ಕೂರಿಸಿ, ಹಗ್ಗಕ್ಕೆ ಕ್ಲಿಪ್ಪು ಹಾಕಿ ತಲೆಕೆಳಗಾಗಿ ನೇತುಹಾಕುತ್ತಿದ್ದರು. ಕಿಟಕಿಯ ಪರದೆ ಎಳೆದ ಮಬ್ಬು ಬೆಳಕಲ್ಲಿ ಅರವತ್ತನಾಲ್ಕು ಬ್ರಶ್ಶುಗಳು ಸಾಲಾಗಿ ಬಾವಲಿಗಳಂತೆ ತೂಗುತ್ತಿದ್ದವು. ಕೋಣೆ ತುಂಬ ಒದ್ದೆ ಪ್ರಾಣಿಯ ಸಣ್ಣ ವಾಸನೆ. ಎಲ್ಲೋ ಒಂದು ಹನಿ ಪತ್ರಿಕೆಯ ಹಾಳೆಯ ಮೇಲೆ ಟಪ್ ಎನ್ನುವುದು.

ಅಳಿಲು ಸತ್ತ ದಿನ ನಡೆದದ್ದನ್ನು ಮಗಳೇ ನನಗೆ ನಟಿಸಿ ತೋರಿಸಿದಳು. ಅಜ್ಜಿ ಕಣ್ಣು ಮುಚ್ಚಿದಳು, ಕೆನ್ನೆಗೆ ಮೂರು ಸಲ ಎಳೆದುಕೊಂಡಳು, ತುಂಬಾ ಹೊತ್ತು ಸುಮ್ಮನಿದ್ದಳು. ಮತ್ತೆ ಮೂರು ಸಲ. ಆಮೇಲೆ ಹೇಳಿದಳು: “ಇದರಲ್ಲಿ ಜೀವ ಇಲ್ಲ.” ಕೊನೆಯ ಸಲ ತೊಳೆದು, ಒಣಗಿಸಿ, ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ, ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಮಲಗಿಸಿದಳು. ಮುಚ್ಚಳ ಹಾಕುವಾಗ ಮಗಳೂ ಕೈ ಜೋಡಿಸಿದ್ದಳಂತೆ. ಹೀಗೇ ಒಂದು ತಿಂಗಳು ನಡೆದ ಮೇಲೆ ದೊಡ್ಡಮ್ಮನನ್ನು ಕೇಳಿಯೇಬಿಟ್ಟೆ.

“ದೊಡ್ಡಮ್ಮ, ಮಗೂಗೆ ಇದೆಲ್ಲ ಯಾಕೆ ಹೇಳ್ತೀರಿ? ಹೆದರಿಕೊಳ್ತಾಳೆ.”

“ಅವಳೆಲ್ಲಿ ಹೆದರ್ತಾಳೆ? ಹೆದರೋಕೆ ನೀನಿದ್ದೀಯಲ್ಲ!”

“ಬ್ರಶ್ಶು ಸಾಯೋದು ಅಂದ್ರೇನು?”

ಅವರು ನಗು ನಿಲ್ಲಿಸಿದರು. “ಮುಟ್ಟಿದ್ರೆ ಮುಟ್ಟಿದ ಹಾಗೇ ಇಲ್ಲ ಕಣೇ. ಮೊದಲೆಲ್ಲ ಕೆನ್ನೆ ಹತ್ರ ಬರ್ತಿದ್ದ ಹಾಗೇ ಗೊತ್ತಾಗ್ತಿತ್ತು, ಯಾರೋ ಉಸಿರು ಬಿಟ್ಟ ಹಾಗೆ. ಈಗ ಬರುತ್ತೆ, ಹೋಗುತ್ತೆ, ಏನೂ ಇಲ್ಲ. ಮೆತ್ತಗಿರೋವೇ ಮೊದಲು ಹೋಗ್ತಿವೆ ನೋಡು. ಅಳಿಲುಗಳೆಲ್ಲ ಆದವು. ಈಗ ಮೇಕೆಗಳ ಸರದಿ.”

ನಿಜವಾಗಿಯೂ ಹಾಗೇ ಆಯಿತು. ಮೊದಲ ತಿಂಗಳು ಅಳಿಲುಗಳು ಹೋದವು. ಎರಡನೆಯ ತಿಂಗಳು ನುಣುಪಾದ ಬಿಳಿ ಮೇಕೆಗಳು. ವಾರ್ತೆಯಮ್ಮ ಹೋದದ್ದು ಆಗಲೇ. ಮೂರನೆಯದರಲ್ಲಿ ಕುದುರೆಗಳು. ಕಪಾಟಿನ ಮೇಲೆ ಒಂದಿದ್ದ ಡಬ್ಬಿ ನಾಲ್ಕಾಯಿತು. ಮಗಳನ್ನು ಕರೆತರಲು ಹೋದಾಗಲೆಲ್ಲ ಅವಳು ಮೆಟ್ಟಿಲಲ್ಲೇ ಸುದ್ದಿ ಕೊಡುತ್ತಿದ್ದಳು, “ಇವತ್ತು ಬೆವರಪ್ಪ.” ನನ್ನ ಎದೆ ಝಲ್ಲೆನ್ನುತ್ತಿತ್ತು. ದೆವ್ವ ಭೂತ ನಂಬುವವಳಲ್ಲ ನಾನು. ಆದರೂ ಮಬ್ಬು ಕೋಣೆಯಲ್ಲಿ ಹಗ್ಗದ ಮೇಲೆ ಖಾಲಿ ಕ್ಲಿಪ್ಪುಗಳು ಹೆಚ್ಚುತ್ತಾ ಹೋಗುವುದನ್ನು ನೋಡಿ, ಯಾವುದೋ ಒಂದು ಈ ಮನೆಯೊಳಗೆ ಬಂದು ಒಂದೊಂದನ್ನೇ ಮುಟ್ಟುತ್ತಾ ನಡೆಯುತ್ತಿದೆ, ಕೊನೆಯ ಕ್ಲಿಪ್ಪಿನ ಮುಂದೆ ದೊಡ್ಡಮ್ಮ ಕೂತಿದ್ದಾರೆ ಅನಿಸುತ್ತಿತ್ತು.

ಮನೆಯಲ್ಲಿ ಹೇಳಿದೆ. ನನ್ನವರು ಚಪಾತಿ ಮುರಿಯುತ್ತಾ, “ಬ್ರಶ್ಶಿಗೆ ವಯಸ್ಸಾಗಲ್ವಾ? ಹಳೇದಾಗಿವೆ, ಬಿಸಾಕ್ತಿದ್ದಾರೆ. ನೀನು ಡಾಕ್ಟರಿಗೆ ಫೋನ್ ಮಾಡಬೇಡ ಮತ್ತೆ,” ಎಂದರು.

ಆ ‘ಮತ್ತೆ’ಗೆ ಒಂದು ಕಥೆಯಿದೆ. ಹಿಂದಿನ ವರ್ಷ ಒಂದು ಮಧ್ಯಾಹ್ನ ಮಗಳನ್ನು ದೊಡ್ಡಮ್ಮನ ಮನೆಯಿಂದ ಕರೆತಂದೆ. ನೋಡಿದರೆ ತುಟಿ ನೀಲಿ. ಆಸ್ಪತ್ರೆಗೆ ಫೋನು, ಆಂಬುಲೆನ್ಸು, ಬೀದಿಯವರೆಲ್ಲ ಬಾಗಿಲಿಗೆ. ಡಾಕ್ಟರು ಹತ್ತಿ ತೆಗೆದುಕೊಂಡು ಮಗಳ ತುಟಿ ಒರೆಸಿದರು. ಹತ್ತಿ ನೀಲಿಯಾಯಿತು, ತುಟಿ ಗುಲಾಬಿಯಾಯಿತು. ದೊಡ್ಡಮ್ಮನ ಕಣ್ಣುಬಣ್ಣದ ಡಬ್ಬಿಯನ್ನು ಮಗಳು ತಾನೇ ತೆರೆದು ಹಚ್ಚಿಕೊಂಡಿದ್ದಳು. ಅವತ್ತಿನಿಂದ ಆಸ್ಪತ್ರೆಯ ಫೋನು ಎತ್ತುವ ಹೆಂಗಸಿಗೆ ನಾನು ‘ನೀಲಿ ತುಟಿ ಅಮ್ಮ’. ಆಮೇಲೂ ಹಲ್ಲು, ಕೆಮ್ಮು, ಮೊಣಕಾಲ ಗಂಟು ಎಂದು ಫೋನು ಮಾಡಿದ್ದೇನೆ, ಇಲ್ಲವೆನ್ನಲಾರೆ. ಪ್ರತಿ ಸಲವೂ ಏನೂ ಇರಲಿಲ್ಲ. ಕೊನೆಗೆ ಒಂದು ದಿನ ಆ ಹೆಂಗಸು ಫೋನು ಎತ್ತಿ, ಪಕ್ಕದವರಿಗೆ ‘ಬಂತು ನೋಡು’ ಎಂದದ್ದು ನನಗೆ ಕೇಳಿಸಿತು. ಇನ್ನು ಸಾಯುವ ತನಕ ಆ ನಂಬರು ಒತ್ತುವುದಿಲ್ಲ ಎಂದು ಅವತ್ತೇ ಶಪಥ ಮಾಡಿದ್ದೆ.

ಉಳಿದದ್ದು ಒಂಬತ್ತು ಆದ ವಾರದಲ್ಲಿ ಎರಡು ಸಂಗತಿ ನಡೆದವು.

ಒಂದು, ನೊಣದ್ದು. ಮಧ್ಯಾಹ್ನ ಮೂರು ಗಂಟೆ. ನಾನು, ಮಗಳು, ದೊಡ್ಡಮ್ಮ ಮೂವರೂ ಕೋಣೆಯಲ್ಲಿದ್ದೆವು. ದೊಡ್ಡಮ್ಮ ಟೀವಿ ಸ್ಟುಡಿಯೋದ ಯಾವುದೋ ಹಳೆಯ ತಮಾಷೆ ಹೇಳುತ್ತಿದ್ದರು. ನೊಣವೊಂದು ಬಂದು ಅವರ ಗಲ್ಲದ ಎಡಕ್ಕೆ ಕೂತಿತು. ಅವರು ಮಾತಾಡುತ್ತಲೇ ಇದ್ದರು. ಅದು ಕೈ ಉಜ್ಜಿಕೊಂಡು ಮೆಲ್ಲಗೆ ಕೆನ್ನೆ ಹತ್ತಿತು. ಮೂಳೆಯ ಕೆಳಗೆ, ಬ್ರಶ್ಶು ಎಳೆಯುವ ಅದೇ ಜಾಗದಲ್ಲಿ, ನಿಂತು ಸುತ್ತು ಹಾಕಿತು. ಮೇಲೆ ಹೋಗಿ ಕೆಳರೆಪ್ಪೆಯ ಅಂಚಿಗೆ ಕೂತು ಕಣ್ಣಿನ ನೀರಿಗೆ ಮೂತಿ ಇಟ್ಟಿತು. ಆ ಕಣ್ಣು ಮಿಟುಕಲೂ ಇಲ್ಲ. ದೊಡ್ಡಮ್ಮ ನಗುತ್ತಿದ್ದಾರೆ, ನಾನು ನಗಬೇಕೆಂದು ಕಾಯುತ್ತಿದ್ದಾರೆ. ಮಗಳೂ ಆಟ ಬಿಟ್ಟು ನೊಣವನ್ನೇ ನೋಡುತ್ತಿದ್ದಳು. ಅದು ಮೂಗಿನ ದಿಣ್ಣೆ ದಾಟಿ ಬಲಕ್ಕೆ ಕಾಲಿಟ್ಟಿತು ನೋಡಿ, ಆ ಕ್ಷಣವೇ ದೊಡ್ಡಮ್ಮನ ಕೈ ಪಟ್ಟೆಂದು ಎದ್ದಿತು.

“ಥೂ, ಎಲ್ಲಿಂದ ಬಂತಪ್ಪಾ ಇದು!”

ಅದು ಆಗಷ್ಟೇ ಬಂದದ್ದು ಎಂಬಂತೆ.

ಮನೆಗೆ ನಡೆಯುವಾಗ ಮಗಳ ಕೈ ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅವಳು, “ಅಮ್ಮಾ, ನೋವು,” ಎಂದಳು. ನನ್ನವರಿಗೆ ಹೇಳಿದಾಗ, “ನೊಣಕ್ಕೂ ಡಾಕ್ಟರಾ?” ಎಂದರು. ಅವತ್ತು ಬೆಳಿಗ್ಗೆ ತಿದ್ದಿದ ಚೀಟಿಯಲ್ಲಿ ‘ಮುಖದ ಒಂದು ಬದಿಯಲ್ಲಿ ಜೋಮು’ ಎಂಬ ಸಾಲಿತ್ತು. ಅದಕ್ಕೇ ನನಗೆ ಹಾಗನ್ನಿಸುತ್ತಿದೆ, ಇಲ್ಲದ್ದನ್ನು ಮೈಮೇಲೆ ಎಳೆದುಕೊಳ್ಳುತ್ತಿದ್ದೇನೆ ಎಂದು ಸಮಾಧಾನ ಮಾಡಿಕೊಂಡೆ. ಫೋನು ಕೈಗೆತ್ತಿಕೊಂಡವಳು ಕೆಳಗಿಟ್ಟೆ.

ಎರಡನೆಯದು ಸಲೂನಿನಾಕೆ. ಮೆಟ್ಟಿಲಲ್ಲಿ ಎದುರಾದರು. ಕೈಯಲ್ಲಿ ಹೊಸ ಬ್ರಶ್ಶುಗಳ ಪೊಟ್ಟಣ, ಮುಖ ಪೆಚ್ಚು.

“ಹನ್ನೆರಡೂ ಬೇಡ ಅಂದ್ರು ನಿಮ್ಮ ದೊಡ್ಡಮ್ಮ. ಹನ್ನೆರಡೂ ಸತ್ತಿವೆಯಂತೆ! ಹೊಸಾ ಮಾಲು ರೀ. ಅವರಿಗೆ ಎದುರು ಮಾತಾಡೋಳಲ್ಲ ನಾನು. ಆದ್ರೂ ನೀವೇ ಒಂದು ಸಲ ನೋಡಿ.”

ಒಂದನ್ನು ತೆಗೆದು ನನ್ನ ಕೆನ್ನೆಗೆ ತಾಗಿಸಿದರು. ನನಗೆ ಬ್ರಶ್ಶಿನ ಗಂಧಗಾಳಿಯಿಲ್ಲ. ಆದರೆ ಮಗಳು ಹುಟ್ಟಿದ ವಾರದಲ್ಲಿ ಅವಳ ತಲೆಗೂದಲು ಹೇಗಿತ್ತೋ ಅದು ಹಾಗಿತ್ತು. ಮೈ ಜುಮ್ಮೆಂದಿತು.

“ಹೇಗಿದೆ?”

“ಚೆನ್ನಾಗಿದೆ,” ಎಂದೆ. ನನ್ನ ದನಿಯೇ ನನಗೆ ದೂರದಿಂದ ಕೇಳಿಸಿತು.

“ಮತ್ತೆ?” ಎಂದರು ಅವರು. ಇಬ್ಬರೂ ಮೇಲಿನ ಮಹಡಿಯ ಬಾಗಿಲ ಕಡೆ ನೋಡಿದೆವು.

ಆ ಮೇಲಿನ ಹತ್ತು ದಿನ ನಾನು ಹೇಡಿಯಂತೆ ಬದುಕಿದೆ. ಒಂಬತ್ತು ಏಳಾಯಿತು, ನಾಲ್ಕಾಯಿತು. ದೊಡ್ಡಮ್ಮನ ಎಡಗಣ್ಣು ಕೆಂಪಗಿತ್ತು. “ಕಣ್ಣಿಗೆ ಏನಾಗಿದೆ?” ಎಂದರೆ “ಏನಾಗಿದೆ?” ಎಂದು ನನ್ನನ್ನೇ ಕೇಳಿದರು. ಬಗ್ಗಿ ನೋಡಿದೆ. ಬಿಳಿಗುಡ್ಡೆಯ ಮೇಲೆ ಬ್ರಶ್ಶಿನ ಒಂದು ಎಳೆ ಕೂದಲು ಅಂಟಿಕೊಂಡಿತ್ತು. ನಮ್ಮ ಕಣ್ಣಲ್ಲಿ ಧೂಳಿನ ಕಣ ಬಿದ್ದರೆ ಕುಣಿದಾಡುತ್ತೇವೆ. ಅವರು ಅದನ್ನು ಎಷ್ಟು ದಿನದಿಂದ ಹೊತ್ತು ತಿರುಗುತ್ತಿದ್ದರೋ. ನೀರು ಹಾಕಿ ತೊಳೆದೆ. ಅದು ನನ್ನ ಅಂಗೈಗೆ ಬಂತು. “ಸತ್ತವರ ಕೂದಲು ಬಿಡು,” ಎಂದು ನಕ್ಕರು. ಅವರಿಗೆ ಹೇಳಲೇಬೇಕೆಂದು ಬಾಯಿ ತೆರೆದೆ. ಆದರೆ ಏನೆಂದು ಹೇಳುವುದು? ಬ್ರಶ್ಶುಗಳ ಹೊರತು ಬೇರೇನನ್ನೂ ಕಟ್ಟಿಕೊಳ್ಳದ ಹೆಂಗಸಿಗೆ ನಿಮ್ಮ ಕೆನ್ನೆ ಸರಿಯಿಲ್ಲ, ನಿಮ್ಮ ತೀರ್ಪು ಸರಿಯಿಲ್ಲ ಎಂದು, ಕೆಮ್ಮಿಗೆಲ್ಲ ಆಂಬುಲೆನ್ಸು ಕರೆಯುವ ಪುಕ್ಕಲಿ ಹೇಳುವುದೇ?

ಕೊನೆಗೆ ಎರಡು ಉಳಿದವು. ಮುದುಕ, ಮತ್ತು ಹುಬ್ಬು ತೀಡುವ ಒಂದು ಒರಟು ನೈಲಾನು.

ಆ ದಿನ ಕಚೇರಿಗೆ ಅರ್ಧ ದಿನ ರಜೆ ಹಾಕಿ ಬೇಗ ಹೋದೆ. ಬಾಗಿಲು ಓರೆಯಾಗಿತ್ತು. ಒಳಗೆ ಮಗಳ ದನಿ. ಇಬ್ಬರೂ ಅವರ ಮಾಮೂಲಿ ‘ಯಾರು ಬಂದರು’ ಆಟ ಆಡುತ್ತಿದ್ದರು. ಒಬ್ಬರು ಕಣ್ಣು ಮುಚ್ಚಬೇಕು, ಇನ್ನೊಬ್ಬರು ಒಂದು ಬ್ರಶ್ಶು ತಂದು ಕೆನ್ನೆಗೆ ತಾಗಿಸಬೇಕು, ಯಾವ ಬ್ರಶ್ಶೆಂದು ಕಣ್ಣು ಮುಚ್ಚಿದವರು ಹೇಳಬೇಕು. ಒಂದು ವರ್ಷದ ಹಿಂದೆ ದೊಡ್ಡಮ್ಮ ಅರವತ್ತನಾಲ್ಕನ್ನೂ ತಪ್ಪಿಲ್ಲದೆ ಹೇಳುತ್ತಿದ್ದರು.

ದೊಡ್ಡಮ್ಮ ಕುರ್ಚಿಯಲ್ಲಿ ಕಣ್ಣು ಮುಚ್ಚಿ, ಮುಖ ಬಲಕ್ಕೆ ತಿರುಗಿಸಿ ಕೂತಿದ್ದರು. ಮಗಳು ಸ್ಟೂಲಿನ ಮೇಲೆ ನಿಂತು ಮುದುಕನನ್ನು ಅವರ ಎಡಗೆನ್ನೆಯ ಮೇಲೆ ಎಳೆಯುತ್ತಿದ್ದಳು. ಒಂದು ಸಲ. ಎರಡು. ಮೂರು. ನಾಲ್ಕು. ಐದು.

“ಬೇಗ ಮುಟ್ಟೇ ಬಂಗಾರಿ. ಎಷ್ಟು ಹೊತ್ತು ಕಾಯಿಸ್ತೀಯ?” ಎಂದರು ದೊಡ್ಡಮ್ಮ, ಕಣ್ಣು ಮುಚ್ಚಿಯೇ.

ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಮಗಳು ನನ್ನನ್ನು ನೋಡಿದಳು. ಅವಳ ಮುಖದಲ್ಲಿ ಭಯವಿರಲಿಲ್ಲ, ಬೇಸರವಿತ್ತು. ತುಂಬಾ ಸಲ ಬಾಗಿಲು ತಟ್ಟಿ ಬಂದವಳ ಬೇಸರ.

“ಅಮ್ಮಾ, ಅಜ್ಜಿ ಈ ಕಡೆ ಮನೇಲಿಲ್ಲ,” ಎಂದಳು. “ನಾನು ದಿನಾ ನೋಡ್ತೀನಿ. ಕತ್ತಿನ ಹತ್ರ ಇರ್ತಾಳೆ. ಮೂಗಿನ ಆ ಕಡೆ ಇರ್ತಾಳೆ. ಇಲ್ಲಿ ಯಾರೂ ಇಲ್ಲ.”

ಹೇಳುತ್ತಾ ಬ್ರಶ್ಶನ್ನು ಕತ್ತಿಗೆ ಇಳಿಸಿದಳು. ದೊಡ್ಡಮ್ಮ ಥಟ್ಟನೆ ಭುಜ ಕುಗ್ಗಿಸಿ ನಕ್ಕರು. “ಕತ್ತಿಗೆ ಮುಟ್ಟೋ ಹಾಗಿಲ್ಲ, ಕೆನ್ನೆಗೆ ಮುಟ್ಟು!”

ನಾಲ್ಕು ತಿಂಗಳಿನಿಂದ ಮಗಳಿಗೆ ಗೊತ್ತಿತ್ತು. ಅವಳು ಎದೆಗುಂದದೆ ದಿನವೂ ಅಜ್ಜಿಯ ಮುಖದಲ್ಲಿ ಮನೆ ಮನೆ ಹುಡುಕುತ್ತಿದ್ದಳು. ನಾನು ಡಬ್ಬಿ ಎಣಿಸುತ್ತಿದ್ದೆ.

ನಾನು ಸದ್ದು ಮಾಡದೆ ಕಪಾಟಿನ ಬಳಿ ಹೋದೆ. ಮೊದಲ ಡಬ್ಬಿ ತೆರೆದೆ. ಹತ್ತಿಬಟ್ಟೆಯ ಸಣ್ಣ ಸಣ್ಣ ಸುರುಳಿಗಳು ಒತ್ತೊತ್ತಾಗಿ ಮಲಗಿದ್ದವು. ಎಲ್ಲಕ್ಕಿಂತ ಕೆಳಗಿನದನ್ನು ಬಿಚ್ಚಿದೆ. ಅಳಿಲು. ಕಂದು ಕೂದಲು ಬಟ್ಟೆಯಿಂದ ಬಿಡಿಸಿಕೊಂಡದ್ದೇ ತಾನಾಗಿ ಅರಳಿತು. ಅದು ಸತ್ತ ವಸ್ತುವಿನಂತೆ ಇರಲೇ ಇಲ್ಲ. ಕೈಯಲ್ಲಿ ಹಿಡಿದಾಗ ನನ್ನ ರೋಮ ಎದ್ದುನಿಂತಿತು.

“ದೊಡ್ಡಮ್ಮ, ಕಣ್ಣು ತೆರೀಬೇಡಿ.”

“ಓ, ಪುಕ್ಕಲಿ ಬಂದ್ಲಾ? ಬಾ, ನೀನೂ ಆಡು.”

ಅವರ ಎಡಗೈ ಹಿಡಿದು ಮಣಿಕಟ್ಟಿನ ಒಳಬದಿಯನ್ನು ಮೇಲೆ ಮಾಡಿದೆ. ಅಳಿಲನ್ನು ಅಲ್ಲಿ ಎಳೆದೆ. ಒಂದು ಸಲ ಮುಟ್ಟುವುದಕ್ಕೆ. ಒಂದು ಸಲ ಬಾಗಿ ಏಳುವುದಕ್ಕೆ. ಒಂದು ಸಲ ಬಿಟ್ಟುಹೋಗುವುದಕ್ಕೆ.

ದೊಡ್ಡಮ್ಮನ ಉಸಿರು ನಿಂತಿತು.

“ಅಬ್ಬಾ... ಇದೆಲ್ಲಿ ಸಿಕ್ತೇ ನಿನಗೆ? ಬೆಣ್ಣೆ ಇದು, ಬೆಣ್ಣೆ! ಕತ್ತರಿನೇ ಕಂಡಿಲ್ಲ. ಇಂಥದ್ದು ಮುಟ್ಟಿ ಎಷ್ಟು ದಿನ ಆಗಿತ್ತು ಗೊತ್ತಾ? ಯಾವ ಅಂಗಡೀದು?”

“ನಿಮ್ಮ ಅಳಿಲು, ದೊಡ್ಡಮ್ಮ.”

ಅವರು ಕಣ್ಣು ತೆರೆದರು. ಒಂದು ಕಣ್ಣು ಬಿಳಿ, ಒಂದು ಕೆಂಪು. ನನ್ನ ಕೈಯಿಂದ ಬ್ರಶ್ಶು ತೆಗೆದುಕೊಂಡು, ಹಿಡಿಯ ಮೇಲಿನ ಹಳೆಯ ಗೀರನ್ನು ಹೆಬ್ಬೆರಳಿನಿಂದ ಸವರಿ, ಅದೇ ಹೌದೆಂದು ಖಚಿತ ಮಾಡಿಕೊಂಡರು. ಆಮೇಲೆ ಅಭ್ಯಾಸದಂತೆ ಎಡಗೆನ್ನೆಗೆ ಒಯ್ದರು. ಮೂರು ಸಲ. ಮತ್ತೆ ಮಣಿಕಟ್ಟಿಗೆ. ಮತ್ತೆ ಕೆನ್ನೆಗೆ. ಹಗ್ಗದ ಮೇಲೆ ಖಾಲಿ ಕ್ಲಿಪ್ಪುಗಳು ಕಿಟಕಿಯ ಗಾಳಿಗೆ ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

“ಕೈ ಮೇಲೆ ಬದುಕಿದೆ,” ಎಂದರು ಪಿಸುಮಾತಿನಲ್ಲಿ. “ಇಲ್ಲಿಗೆ ಬಂದ ಕೂಡಲೇ ಸಾಯ್ತಿದೆ.”

ನಾನು ಹೇಳಬೇಕಾದದ್ದು ಅವರಿಗೇ ಗೊತ್ತಾಗುವುದನ್ನು ಅವರ ಮುಖದಲ್ಲಿ ನೋಡಿದೆ. ಬಲ ಅಂಗೈಯನ್ನು ಎತ್ತಿ ಎಡಗೆನ್ನೆಯ ಮೇಲೆ ಒತ್ತಿಕೊಂಡರು. ಉಗುರಿನಿಂದ ಚಿವುಟಿದರು. ಬಿಳಿ ಗುರುತು ಮೂಡಿತು, ಕೆಂಪಾಯಿತು. ಅವರ ಹುಬ್ಬು ಕೂಡ ಅಲ್ಲಾಡಲಿಲ್ಲ. ಬೇರೆ ಯಾರದೋ ಮುಖ ಮುಟ್ಟಿ ನೋಡುವವರಂತೆ ಮುಟ್ಟಿ ನೋಡುತ್ತಿದ್ದರು. ನಲವತ್ತೈದು ವರ್ಷ ಬೇರೆಯವರ ಮುಖ ಮುಟ್ಟಿದ ಬೆರಳುಗಳು.

“ಬ್ರಶ್ಶುಗಳಿಗೆ ಏನೂ ಆಗಿರಲಿಲ್ಲ,” ಎಂದರು. ಕಪಾಟಿನ ಡಬ್ಬಿಗಳನ್ನು ನೋಡಿದರು. “ಬದುಕಿರೋವನ್ನೇ ಸುತ್ತಿ ಮುಚ್ಚಿಟ್ಟೆನಲ್ಲೇ.”

ನಾನು ಅವರ ಅಳು ನೋಡಿದ್ದು ಅದೇ ಮೊದಲು. ಬಲಗಣ್ಣಿನ ನೀರನ್ನು ಸೆರಗಿನಿಂದ ಒರೆಸಿಕೊಂಡರು. ಎಡಗಣ್ಣಿನದು ತನ್ನ ಪಾಡಿಗೆ ಕೆನ್ನೆಯುದ್ದಕ್ಕೂ ಇಳಿದು ಗಲ್ಲದಿಂದ ತೊಟ್ಟಿಕ್ಕಿತು. ಅದು ಇಳಿದದ್ದು ಅವರಿಗೆ ತಿಳಿಯಲೇ ಇಲ್ಲ. ಮಗಳು ಸ್ಟೂಲಿನಿಂದ ಇಳಿದು ತನ್ನ ಫ್ರಾಕಿನ ಅಂಚಿನಿಂದ ಅದನ್ನು ಒರೆಸಿದಳು.

ನಾನು ಚೀಲದಿಂದ ಫೋನು ತೆಗೆದೆ.

“ಯಾರಿಗೆ?” ಎಂದರು ದೊಡ್ಡಮ್ಮ.

“ಆಸ್ಪತ್ರೆಗೆ.”

“ಬೇಡ ಕಣೇ. ನಿನ್ನ ದನಿ ಕೇಳಿದ್ರೇ ನಗ್ತಾರೆ ಅವರು. ನನ್ನಿಂದಾಗಿ ನೀನು ಯಾಕೆ ನಗೆಪಾಟಲಾಗ್ತೀಯ? ನಾಳೆ ನಾಡಿದ್ದು ನೋಡೋಣ. ಜೋಮು ತಾನೇ, ತಾನಾಗೇ ಬಿಡುತ್ತೆ.”

ಅವರು ಹೆದರಿದ್ದರು. ಅಷ್ಟು ವರ್ಷ ನನ್ನ ಹೆದರಿಕೆಯನ್ನು ಆಡಿಕೊಂಡವರು ನನ್ನ ಮುಂಗೈ ಹಿಡಿದುಕೊಂಡಿದ್ದರು, ಬಿಡುತ್ತಿರಲಿಲ್ಲ. ವಿಚಿತ್ರವೆಂದರೆ ನನ್ನ ಎದೆ ಆಗ ಹೊಡೆದುಕೊಳ್ಳುತ್ತಿರಲಿಲ್ಲ. ಇಷ್ಟು ವರ್ಷ ಇಲ್ಲದ್ದಕ್ಕೆಲ್ಲ ಹೊಡೆದುಕೊಂಡು ಅದೂ ದಣಿದಿತ್ತೇನೋ. ಇನ್ನೊಂದು ಕೈಯಿಂದ ನಂಬರು ಒತ್ತಿದೆ. ಅದು ಬಾಯಿಪಾಠವಾಗಿತ್ತು.

ಎರಡು ಸಲ ರಿಂಗಾಯಿತು.

“ಹೇಳೀಮ್ಮಾ,” ಎಂದಳು ಆ ಹೆಂಗಸು. ನಂಬರು ನೋಡಿಯೇ ಎತ್ತಿದ್ದಳು. ದನಿಯಲ್ಲಿ ಆಗಲೇ ನಗುವಿತ್ತು. “ನೀಲಿ ತುಟಿ ಅಮ್ಮ ಅಲ್ವಾ? ಇವತ್ತು ಏನು, ಮಗೂಗೆ ಆಕಳಿಕೆ ಬಂತಾ?”

“ಮಗೂಗಲ್ಲ, ನಮ್ಮ ದೊಡ್ಡಮ್ಮನಿಗೆ. ಮುಖದ ಎಡಭಾಗಕ್ಕೆ ಸ್ಪರ್ಶ ಗೊತ್ತಾಗ್ತಿಲ್ಲ. ಕಣ್ಣೊಳಗೆ ಕೂದಲು ಬಿದ್ದಿದ್ರೂ ಗೊತ್ತಾಗಿಲ್ಲ. ನರದ ಡಾಕ್ಟರು ನೋಡಬೇಕು, ಇವತ್ತೇ. ಆಮೇಲೆ ನಗೋರಂತೆ, ಈಗ ಬರ್ಕೊಳ್ಳಿ.”

ಆ ಕಡೆ ಕುರ್ಚಿ ಎಳೆದ ಸದ್ದು. ನಗು ನಿಂತಿತ್ತು.

“ಎಷ್ಟು ದಿನದಿಂದ?” ಎಂದು ಕೇಳಿದಳು.

ಕೆಳಗೆ ನೆಲದ ಮೇಲೆ ಮಗಳು ಡಬ್ಬಿಗಳನ್ನೆಲ್ಲ ಇಳಿಸಿಕೊಂಡು, ಒಂದೊಂದೇ ಬಟ್ಟೆ ಬಿಚ್ಚಿ, ಬ್ರಶ್ಶುಗಳನ್ನು ತನ್ನ ಕೆನ್ನೆಗೆ ತಾಗಿಸಿಕೊಂಡು, ಸಾಲಾಗಿ ಜೋಡಿಸುತ್ತಿದ್ದಳು. ವಾರ್ತೆಯಮ್ಮ. ಮಳೆರಾಯ. ಬೆವರಪ್ಪ.

“ಅಳಿಲು ಸತ್ತ ದಿನದಿಂದ,” ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡು, ದೊಡ್ಡಮ್ಮನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಸರಿಯಾಗಿ ಹೇಳಿದೆ: “ನಾಲ್ಕು ತಿಂಗಳು.”